ಪ್ರಶ್ನೋತ್ತರ: ಠಾಣೆಗೆ ‘ಮಂಡೆ ಸರಿ ಇಲ್ಲದವನ’ ಕರೆ ಬಂದಾಗ

(ಈ ವಾರ ಗುಂಪಿನ ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸುತ್ತಿರುವವರು ಉಡುಪಿಯ ಮನೋವೈದ್ಯೆಯೊಬ್ಬರು.)

ಹೆಡ್ ಕಾನ್‌ಸ್ಟೇಬಲ್, ಮಂಗಳೂರು: ನಮಸ್ಕಾರ ಮೇಡಂ. ರಾತ್ರಿ ಗಸ್ತಿನಲ್ಲಿದ್ದಾಗ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಕರೆ ಬಂತು. ಹರಿದ ಅಂಗಿಯ ಒಬ್ಬ, ಕೈಯಲ್ಲೊಂದು ಕಲ್ಲು, ನಿಂತ ಬಸ್ಸುಗಳಿಗೆ ಬೈಯುತ್ತಿದ್ದ. ಸುತ್ತ ಜನ, ಅರ್ಧ ಮಂದಿಯ ಕೈಯಲ್ಲಿ ಮೊಬೈಲ್. ‘ಕಲ್ಲು ಕೆಳಗೆ ಹಾಕು’ ಎಂದು ನಾವು ಜೋರು ಮಾಡಿದಷ್ಟೂ ಆತ ಬಿಗಿಯಾಗಿ ಹಿಡಿದುಕೊಂಡ. ಕಳ್ಳನಾದರೆ ಹೇಗೆ ಹಿಡಿಯಬೇಕೆಂದು ಗೊತ್ತು. ಇಂಥವರ ಹತ್ತಿರ ಏನು ಮಾತನಾಡಬೇಕು?

ವೈದ್ಯೆ: ನಮಸ್ಕಾರ. ಮೊದಲನೆಯದಾಗಿ, ಮಾತನಾಡುವವರು ಒಬ್ಬರೇ ಇರಲಿ. ಜೊತೆಗಿರುವವರ ಕೆಲಸ ಜನರನ್ನು ಹಿಂದಕ್ಕೆ ಕಳುಹಿಸಿ ಮೊಬೈಲುಗಳನ್ನು ಇಳಿಸುವುದು. ಸೈರನ್ ಬಂದ್ ಮಾಡಿ, ವಾಕಿಟಾಕಿಯ ಶಬ್ದ ತಗ್ಗಿಸಿ. ಯಾರೂ ಆಡದ ಮಾತು ಕಿವಿಯಲ್ಲಿ ಕೇಳಿಸುತ್ತಿರುವ ಮನುಷ್ಯನಿಗೆ ನಾಲ್ಕು ಜನರ ಬೊಬ್ಬೆಯೂ ಸೇರಿದರೆ ಯಾವುದು ಯಾರ ಮಾತೆಂದೇ ತಿಳಿಯುವುದಿಲ್ಲ. ಅದನ್ನು ನಾವು ಉದ್ಧಟತನ ಎಂದುಕೊಳ್ಳುತ್ತೇವೆ.

ಕಲ್ಲು ತಾಗದಷ್ಟು ದೂರ ನಿಲ್ಲಿ. ಎದುರು ಬೇಡ, ಸ್ವಲ್ಪ ಓರೆಯಾಗಿ. ಅವನು ತಪ್ಪಿಸಿಕೊಂಡು ಹೋಗುವ ದಾರಿಯನ್ನು ಪೂರ್ತಿ ಮುಚ್ಚಬೇಡಿ. ಮೂಲೆಗೆ ಸಿಕ್ಕಿದೆ ಎನಿಸಿದ ಕೂಡಲೇ ಎಸೆಯುತ್ತಾನೆ. ನಿಮ್ಮ ಹೆಸರು ಹೇಳಿ, ಅವನ ಹೆಸರು ಕೇಳಿ. ‘ಊಟ ಆಯಿತಾ?’ ಎಂದು ಕೇಳಿ. ನಮ್ಮ ಊರಿನಲ್ಲಿ ಯಾರೂ ಉತ್ತರಿಸದೆ ಬಿಡದ ಪ್ರಶ್ನೆ ಅದು. ಒಂದು ಸಲಕ್ಕೆ ಒಂದೇ ಮಾತು, ಆಮೇಲೆ ಕಾಯಿರಿ. ಕಾಯಿಲೆಯಿಂದಲೂ ಕೆಲವು ಮಾತ್ರೆಗಳಿಂದಲೂ ಉತ್ತರ ತಡವಾಗಿ ಬರುತ್ತದೆ, ನಾಲಗೆ ತೊದಲುತ್ತದೆ, ಕೈ ನಡುಗುತ್ತದೆ. ಆ ತಡವನ್ನು ಧಿಮಾಕು ಎಂದು ಓದಬೇಡಿ.

‘ಬಸ್ಸಿನವರು ನನ್ನನ್ನು ಕೊಲ್ಲಲು ಬಂದಿದ್ದಾರೆ’ ಎಂದರೆ ‘ಹಾಗೇನೂ ಇಲ್ಲ’ ಎಂದು ವಾದಿಸಬೇಡಿ, ‘ಹೌದು ಹೌದು’ ಎಂದು ನಟಿಸಲೂ ಬೇಡಿ. ‘ನಿಮಗೆ ತುಂಬಾ ಹೆದರಿಕೆಯಾಗಿದೆ ಎಂದು ಕಾಣುತ್ತದೆ. ನಾನು ಇಲ್ಲೇ ಇದ್ದೇನೆ’ ಎಂದರೆ ಅದು ಸುಳ್ಳಲ್ಲ, ಜಗಳವೂ ಅಲ್ಲ. ಇನ್ನೊಂದು, ಭಾಷೆ. ಮಂಗಳೂರು ಸೆಂಟ್ರಲ್‌ನಲ್ಲಿ ರೈಲು ಹಳಿ ಮುಗಿಯುತ್ತದೆ. ಎಲ್ಲೆಲ್ಲಿಂದಲೋ ದಾರಿ ತಪ್ಪಿ ಬಂದವರು ಇಲ್ಲಿ ಇಳಿದುಬಿಡುತ್ತಾರೆ. ಕನ್ನಡ, ತುಳು ಎರಡಕ್ಕೂ ತಿರುಗಿ ನೋಡದಿದ್ದರೆ ಹತ್ತಿರದ ಹೋಟೆಲಿನ ಒಡಿಶಾದ ಅಥವಾ ಬಂಗಾಳದ ಹುಡುಗನನ್ನು ಕರೆಯಿರಿ. ತನ್ನ ಊರಿನ ಭಾಷೆ ಕಿವಿಗೆ ಬಿದ್ದೊಡನೆ ಕೈ ಸಡಿಲವಾಗುವುದನ್ನು ನಾನು ನೋಡಿದ್ದೇನೆ.

ಇದಕ್ಕೆಲ್ಲ ಅರ್ಧ ಗಂಟೆ ಹಿಡಿಯಬಹುದು. ಹಿಡಿಯಲಿ.

ಕತ್ತಿ ಕೈಯಲ್ಲಿದ್ದು ಪಕ್ಕದಲ್ಲಿ ಮಗು ಇದ್ದರೆ ಮಾತು ಬೇರೆ. ಅಲ್ಲಿ ನಿಮ್ಮ ತರಬೇತಿಯೇ ಮುಂದು. ಆದರೆ ಹಿಡಿಯಲೇಬೇಕಾದರೂ ಬೋರಲು ಮಲಗಿಸಿ ಬೆನ್ನ ಮೇಲೆ ಮೊಣಕಾಲು ಊರಬೇಡಿ. ಉದ್ರೇಕದಲ್ಲಿ ಏದುಸಿರು ಬಿಡುತ್ತಿರುವವನು ಹಾಗೆ ಉಸಿರುಗಟ್ಟಿ ಸಾಯಬಹುದು. ಹಿಡಿತಕ್ಕೆ ಬಂದ ಕ್ಷಣ ಪಕ್ಕಕ್ಕೆ ಹೊರಳಿಸಿ ಅಥವಾ ಕೂರಿಸಿ.

ಪಿಎಸ್‌ಐ, ಉಡುಪಿ ಜಿಲ್ಲೆ: ಮಲ್ಪೆ ಕಡೆ ನಮಗೆ ಬರುವ ಕರೆಗಳಲ್ಲಿ ಕುಡಿದವನು ಯಾರು, ಕಾಯಿಲೆಯವನು ಯಾರು ಎಂದೇ ಗೊತ್ತಾಗುವುದಿಲ್ಲ ಡಾಕ್ಟರೇ. ಹೇಗೆ ಗುರುತಿಸುವುದು?

ವೈದ್ಯೆ: ಯಾವ ಕಾಯಿಲೆ ಎಂದು ಹೇಳುವುದು ನಿಮ್ಮ ಕೆಲಸವಲ್ಲ ಸರ್, ಅದಕ್ಕೆ ನಾವು ಸಂಬಳ ತೆಗೆದುಕೊಳ್ಳುತ್ತೇವೆ. ಆದರೆ ‘ಹುಚ್ಚು’ ಅಥವಾ ‘ಅಮಲು’ ಎಂದು ಬದಿಗೆ ಕೂರಿಸಿದರೆ ಪ್ರಾಣ ಹೋಗುವ ಮೂರು ಸಂದರ್ಭಗಳಿವೆ.

ಮಲ್ಪೆಯವರು ಮೊದಲನೆಯದನ್ನು ಖಂಡಿತ ನೋಡಿರುತ್ತೀರಿ. ದಿನಾ ಕುಡಿಯುವವನು ಆಳಸಮುದ್ರದ ಬೋಟಿಗೆ ಹೋಗುತ್ತಾನೆ, ಅಲ್ಲಿ ಕುಡಿಯಲು ಸಿಗುವುದಿಲ್ಲ. ಕೊನೆಯ ಗುಟುಕಿನಿಂದ ಎರಡು ಮೂರು ದಿನಕ್ಕೆ ಕೈಕಾಲು ನಡುಕ, ಮೈಯೆಲ್ಲ ಬೆವರು, ಜ್ವರ, ನಿದ್ದೆಯಿಲ್ಲ. ಗೋಡೆಯ ಮೇಲೆ ಹುಳು ಹರಿಯುವುದು ಕಾಣುತ್ತದೆ, ಕೂತಲ್ಲಿಯೇ ಬಲೆ ಎಳೆಯುವಂತೆ ಕೈಯಾಡಿಸುತ್ತಾನೆ. ಇದು ಅಮಲಲ್ಲ, ಅಮಲು ಬಿಟ್ಟದ್ದರ ಪರಿಣಾಮ. ಚಿಕಿತ್ಸೆ ಸಿಗದಿದ್ದರೆ ಸಾಯಬಹುದು. ‘ಬಾಯಿ ವಾಸನೆ ಇಲ್ಲ, ಆದ್ದರಿಂದ ಹುಚ್ಚು’ ಎಂಬ ತೀರ್ಮಾನ ಇಲ್ಲಿಯೇ ಕೈಕೊಡುವುದು.

ಎರಡನೆಯದು ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಸಕ್ಕರೆ ಇಳಿಯುವುದು: ತೂರಾಟ, ತೊದಲು, ಸಿಡುಕು, ತಣ್ಣನೆಯ ಬೆವರು. ಎಚ್ಚರವಿದ್ದು ನುಂಗುವಂತಿದ್ದರೆ ಸಕ್ಕರೆ ನೀರು ಕೊಡಿ, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಮೂರನೆಯದು ತಲೆಗೆ ಬಿದ್ದ ಪೆಟ್ಟು. ಇವುಗಳಲ್ಲಿ ಯಾವ ಅನುಮಾನ ಬಂದರೂ 108ಕ್ಕೆ ಕರೆ ಮಾಡಿ. ಠಾಣೆಯ ಬೆಂಚು ಬೇಡ.

ಪಿಎಸ್‌ಐ: ಆಸ್ಪತ್ರೆಗೆ ಕರೆದೊಯ್ಯಲು ಮೊದಲು ಮ್ಯಾಜಿಸ್ಟ್ರೇಟರ ಆದೇಶ ಬೇಕಲ್ಲವೇ? ನಮ್ಮ ಹಿರಿಯರು ಹಾಗೆಯೇ ಹೇಳಿಕೊಟ್ಟಿದ್ದು.

ವೈದ್ಯೆ: ನಿಮ್ಮ ಹಿರಿಯರು ಕಲಿತದ್ದು 1987ರ ಕಾಯ್ದೆ. ಅದರಲ್ಲಿ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಿತ್ತು. ಈಗಿರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರಿಂದ ಜಾರಿಯಲ್ಲಿದೆ. ಕಲಂ 100ನ್ನು ಪ್ರತಿ ಠಾಣೆಯ ಗೋಡೆಗೆ ಅಂಟಿಸಬೇಕೆಂದು ನನ್ನ ಆಸೆ. ಅಲೆದಾಡುತ್ತಿರುವ, ತನ್ನನ್ನು ತಾನು ನೋಡಿಕೊಳ್ಳಲಾಗದ, ಅಥವಾ ಕಾಯಿಲೆಯ ಕಾರಣ ತನಗೋ ಇತರರಿಗೋ ಅಪಾಯ ತರಬಹುದಾದ ವ್ಯಕ್ತಿಯನ್ನು ಠಾಣಾಧಿಕಾರಿ ರಕ್ಷಣೆಗೆ ತೆಗೆದುಕೊಳ್ಳಬೇಕು. ಅದು ಬಂಧನವಲ್ಲ, ರಕ್ಷಣೆ. ಕಾರಣವನ್ನು ಅವನಿಗೆ ಅಥವಾ ಅವನ ಪ್ರತಿನಿಧಿಗೆ ತಿಳಿಸಬೇಕು. ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಕರೆದೊಯ್ಯಬೇಕು. ನಿಮಗೆ ಅಜ್ಜರಕಾಡು ಜಿಲ್ಲಾ ಆಸ್ಪತ್ರೆ, ಮಂಗಳೂರಿನವರಿಗೆ ವೆನ್ಲಾಕ್. ಯಾವ ಸಂದರ್ಭದಲ್ಲೂ ಲಾಕಪ್ಪಿನಲ್ಲಿ ಇಡುವಂತಿಲ್ಲ. ಮನೆಮಠ ಇಲ್ಲದೆ ಅಲೆಯುತ್ತಿದ್ದವನಾದರೆ ನಾಪತ್ತೆ ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕುವುದೂ ನಿಮ್ಮ ಪಾಲಿಗೇ ಬರುತ್ತದೆ.

ವಕೀಲರು, ಮಂಗಳೂರು: ಒಂದು ಸೇರ್ಪಡೆ. ಮ್ಯಾಜಿಸ್ಟ್ರೇಟರು ಪೂರ್ತಿ ಮಾಯವಾಗಿಲ್ಲ. ರೋಗಿಯನ್ನು ಮನೆಯಲ್ಲಿ ಸರಪಳಿ ಹಾಕಿ ಕೂಡಿಹಾಕಿದ್ದಾರೆ, ಅನ್ನ ನೀರು ಕೊಡುತ್ತಿಲ್ಲ ಎಂದು ತಿಳಿದರೆ ಕಲಂ 101ರಂತೆ ಪೊಲೀಸರು ಕೂಡಲೇ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಉಚಿತ ಕಾನೂನು ನೆರವು ಇದೆ ಎಂದು ರೋಗಿಗೆ ತಿಳಿಸುವುದೂ ಪೊಲೀಸರ ಕರ್ತವ್ಯ, ಕಲಂ 27. ಆತ್ಮಹತ್ಯೆಗೆ ಯತ್ನಿಸಿದವರ ಮೇಲೆ ಹಳೆಯ ಅಭ್ಯಾಸದಿಂದ ಹಿಂದಿನ ದಂಡ ಸಂಹಿತೆಯ (ಐಪಿಸಿ) ಕಲಂ 309 ಹಾಕಲು ಹೋಗಬೇಡಿ. ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಕಾಯ್ದೆ ಭಾವಿಸುತ್ತದೆ. ಐಪಿಸಿಯ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧವಾಗಿ ಉಳಿದಿರುವುದು ಸರ್ಕಾರಿ ನೌಕರರನ್ನು ಬಲವಂತಪಡಿಸಲು ಅಥವಾ ಅವರ ಕೆಲಸ ತಡೆಯಲು ಹಾಗೆ ಮಾಡಿದರೆ ಮಾತ್ರ.

ಸದಸ್ಯೆ, ಕುಂದಾಪುರ: ತಮ್ಮನಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ. ಮಾತ್ರೆ ಬಿಟ್ಟಿದ್ದಾನೆ, ಅಡುಗೆಮನೆಯ ಪಾತ್ರೆಯೆಲ್ಲ ಅಂಗಳಕ್ಕೆ ಎಸೆದ. ಪೊಲೀಸರನ್ನು ಕರೆಯೋಣ ಎಂದರೆ ಅಪ್ಪ ಒಪ್ಪುವುದಿಲ್ಲ, ಮನೆಗೆ ಜೀಪು ಬಂದರೆ ಮರ್ಯಾದೆ ಏನಾಗಬೇಕು ಎನ್ನುತ್ತಾರೆ. ದೈವದ ಉಪದ್ರ ಇರಬಹುದೆಂದು ಜ್ಯೋತಿಷಿಯ ಬಳಿ ಪ್ರಶ್ನೆ ಇಡಿಸುವ ಮಾತೂ ಇದೆ.

ವೈದ್ಯೆ: ಅಕ್ಕಾ, ಪ್ರಶ್ನೆ ಇಡಿಸುವುದನ್ನು ನಾನು ಬೇಡ ಎನ್ನುವುದಿಲ್ಲ, ಮಾತ್ರೆಗೆ ಅದು ಬದಲಿಯಾಗದಿದ್ದರೆ ಸಾಕು. ಇವತ್ತೇ 14416ಕ್ಕೆ ಕರೆ ಮಾಡಿ; ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಅಪ್ಪನನ್ನೂ ಮಾತನಾಡಿಸಿ.

ಕೈಮೀರಿ 112ಕ್ಕೆ ಕರೆ ಮಾಡಬೇಕಾಗಿ ಬಂದರೆ ‘ಬೇಗ ಬನ್ನಿ, ಗಲಾಟೆ’ ಎಂದಷ್ಟೇ ಹೇಳಿ ಇಡಬೇಡಿ. ಹಾಗೆ ಹೇಳಿದರೆ ಅವರು ಗಲಾಟೆಗೆ ಸಿದ್ಧವಾಗಿಯೇ ಬರುತ್ತಾರೆ. ಕಾಯಿಲೆಯ ಹೆಸರು, ಮಾತ್ರೆ ಬಿಟ್ಟು ಎಷ್ಟು ದಿನ, ಕೈಯಲ್ಲಿ ಏನಿದೆ, ಯಾರ ಮಾತು ಕೇಳುತ್ತಾನೆ, ಯಾವುದಕ್ಕೆ ಕೆರಳುತ್ತಾನೆ ಎಂದು ಹೇಳಿ. ವೈದ್ಯರ ಚೀಟಿಯ ಫೋಟೋ ಮೊಬೈಲಿನಲ್ಲಿರಲಿ. ಮಫ್ತಿಯಲ್ಲಿ ಬರಲು, ಜೀಪನ್ನು ಓಣಿಯ ಆಚೆ ನಿಲ್ಲಿಸಲು ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ. ಕತ್ತಿ, ಕುಡುಗೋಲು, ಮೆಟ್ಟುಗತ್ತಿ ಈಗಲೇ ಪಕ್ಕದ ಮನೆಗೆ ದಾಟಿಸಿ. ತಮ್ಮ ದಾಖಲಾಗಲು ಒಪ್ಪದಿದ್ದರೂ ಕಾಯ್ದೆಯಲ್ಲಿ ದಾರಿಯಿದೆ: ರೋಗಿಯ ಪರವಾಗಿ ನಿಲ್ಲುವ ನಿಯೋಜಿತ ಪ್ರತಿನಿಧಿಯ ಅರ್ಜಿಯ ಮೇಲೆ, ಒಬ್ಬ ಮನೋವೈದ್ಯರೂ ಜೊತೆಗೆ ಇನ್ನೊಬ್ಬ ವೈದ್ಯರು ಅಥವಾ ಮಾನಸಿಕ ಆರೋಗ್ಯ ತಜ್ಞರೂ ಪರೀಕ್ಷಿಸಿ, ಮೊದಲಿಗೆ ಗರಿಷ್ಠ 30 ದಿನ.

ಕಾನ್‌ಸ್ಟೇಬಲ್, ಬಂಟ್ವಾಳ: ಮೇಡಂ, ಇದೆಲ್ಲ ನಮಗೆ ಯಾರೂ ಹೇಳಿಕೊಟ್ಟಿಲ್ಲ.

ವೈದ್ಯೆ: ಹೇಳಿಕೊಡಬೇಕು ಎಂದು ಕಾಯ್ದೆಯ ಕಲಂ 30 ಹೇಳುತ್ತದೆ, ಅದೂ ನಿಯತವಾಗಿ. ಅಮೆರಿಕದ ಮೆಂಫಿಸ್‌ನಲ್ಲಿ 1987ರಲ್ಲಿ ಮಾನಸಿಕ ಅಸ್ವಸ್ಥ ಯುವಕನೊಬ್ಬ ಪೊಲೀಸರ ಗುಂಡಿಗೆ ಬಲಿಯಾದ. ಮರುವರ್ಷವೇ ಅಲ್ಲಿ ಆಯ್ದ ಪೊಲೀಸರಿಗೆ 40 ಗಂಟೆಗಳ ತರಬೇತಿ ಶುರುವಾಯಿತು. ಪಾಠ ಮಾಡುವವರಲ್ಲಿ ರೋಗಿಗಳ ಮನೆಯವರೂ ಇರುತ್ತಾರೆ. ನಮ್ಮಲ್ಲಿ ಅಷ್ಟು ಆಗುವವರೆಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರಿಗೆ ಠಾಣೆಯಿಂದ ಒಂದು ಪತ್ರ ಬರೆಯಿಸಿ. ಕವಾಯತಿನ ದಿನ ಒಂದು ಗಂಟೆ ಬಿಡುವು ಕೊಟ್ಟರೆ ನಮ್ಮವರು ಯಾರಾದರೂ ಬರುತ್ತಾರೆ.

ಹೆಡ್ ಕಾನ್‌ಸ್ಟೇಬಲ್, ಮಂಗಳೂರು: ಕೊನೆಯದೊಂದು. ರಾತ್ರಿ ಎರಡಕ್ಕೆ ಕರೆದುಕೊಂಡು ಹೋದಾಗ ‘ಬೆಡ್ ಇಲ್ಲ, ನಾಳೆ ಬನ್ನಿ’ ಎಂದರೆ?

ವೈದ್ಯೆ: ಅಲ್ಲಿಂದ ಕದಲಬೇಡಿ. ತಪಾಸಣೆಗೆ ವ್ಯವಸ್ಥೆ ಮಾಡುವ ಹೊಣೆ ಆ ಆಸ್ಪತ್ರೆಯ ವೈದ್ಯಾಧಿಕಾರಿಯದು, ಅದೂ ಕಲಂ 100ರಲ್ಲಿಯೇ ಇದೆ. ದಾಖಲಾತಿ ಬೇಕಿಲ್ಲ ಎಂದು ನೋಡಿ ಹೇಳಿದರೆ ಒಪ್ಪಿಕೊಳ್ಳಿ. ಆಗ ಮನೆಗೆ, ಮನೆಯಿಲ್ಲದಿದ್ದರೆ ನಿರಾಶ್ರಿತರ ಸರ್ಕಾರಿ ಕೇಂದ್ರಕ್ಕೆ ಬಿಟ್ಟು ಬರಬೇಕು. ನೋಡದೆಯೇ ಹೇಳಿದರೆ ಹೊರರೋಗಿ ಚೀಟಿಯ ಮೇಲೆ ಅದನ್ನೇ ಬರೆದು, ಗಂಟೆ ನಮೂದಿಸಿ, ಸಹಿ ಹಾಕಿಕೊಡಲು ಹೇಳಿ. ಪೆನ್ನು ಕೈಗೆ ತೆಗೆದುಕೊಂಡ ಮೇಲೆ ಬಹಳಷ್ಟು ಸಲ ಬೆಡ್ ಸಿಗುತ್ತದೆ.