ಕ್ರೂಸ್‌ನ ಹಳೇ ಕಲ್ಲುಮನೆ: ಗೋಡೆ ಬುಡ ಪೂರ್ತಿ ತೇವ, ಕೆಮಿಕಲ್ ಇಂಜೆಕ್ಷನ್ ಮಾಡಿಸ್ಬೇಕಾ?

ಕ್ರೂಸ್_ಕಲ್ಲುಮನೆ:
ಎಲ್ರಿಗೂ ನಮಸ್ಕಾರ. ಫ್ರಾನ್ಸಲ್ಲಿ ಹಳ್ಳಿಮನೆ ರಿಪೇರಿ ಮಾಡಿಸ್ತಿರೋರು ಇಲ್ಲಿ ಇದೀರ ಅಂತ ಗೊತ್ತಾಯ್ತು, ಅದಕ್ಕೇ ಕೇಳ್ತಿದೀನಿ. ನಮ್ದು ಕ್ರೂಸ್ ಜಿಲ್ಲೇಲಿ, ಗೆರೆ ಅನ್ನೋ ಊರಿಂದ ಸ್ವಲ್ಪ ಒಳಗೆ, ಗ್ರಾನೈಟ್ ಮನೆ. ಗೋಡೆ ಸುಮಾರು 60 ಸೆಂ.ಮೀ. ದಪ್ಪ ಇದೆ, ಎರಡು ಕಡೆ ಕಲ್ಲು, ಮಧ್ಯೆ ಬರೀ ಮಣ್ಣು ಮತ್ತೆ ಚೂರುಕಲ್ಲು. ಹಿಂದಿನ ಓನರ್ ಹೊರಗಡೆ ಪೂರ್ತಿ ಸಿಮೆಂಟ್ ಪ್ಲಾಸ್ಟರ್ ಹೊಡೆಸಿ, ನೆಲಕ್ಕೆ ಕಾಂಕ್ರೀಟ್ ಹಾಕ್ಸಿಬಿಟ್ಟಿದಾರೆ. ಈಗ ಉತ್ತರದ ಕಡೆ ರೂಮಲ್ಲಿ ಸೊಂಟದ ಎತ್ತರದವರೆಗೂ ಬಣ್ಣ ಬೊಬ್ಬೆ ಎದ್ದು ಉದುರ್ತಿದೆ, ಬಿಳಿ ಬಿಳಿ ಉಪ್ಪಿನ ಪುಡಿ ಬರ್ತಿದೆ, ಬೀರು ಹಿಂದೆ ಬೂಷ್ಟು. ಮನೆಗೆ ಒಬ್ಬ ಕಂಪನಿಯವ್ನು ಬಂದು ಎರಡು ಮುಳ್ಳಿರೋ ಮೀಟರ್ ಚುಚ್ಚಿ ಕೆಂಪು ಲೈಟ್ ತೋರಿಸಿ, ಗೋಡೆಗೆ ತೂತು ಹೊಡೆದು ಕೆಮಿಕಲ್ ಇಂಜೆಕ್ಟ್ ಮಾಡ್ಬೇಕು ಅಂತಾನೆ, ಇವತ್ತೇ ಸೈನ್ ಹಾಕಿದ್ರೆ ಡಿಸ್ಕೌಂಟಂತೆ. ಯಾರಾದ್ರೂ ಮಾಡಿಸಿದೀರಾ?

ದೊರ್ದೋನ್_ಗಾರೆ:
ಸೈನ್ ಹಾಕಬ್ಯಾಡ್ರಿ. ಮೊದಲ ಆ ಮೀಟರ್ ಕಥಿ ಕೇಳ್ರಿ, ಅದು ಗ್ವಾಡಿಯೊಳಗ ಕರೆಂಟ್ ಎಷ್ಟು ಹರಿತೈತಿ ಅಂತ ನೋಡ್ತದ, ಉಪ್ಪು ಇದ್ದಲ್ಲಿ ಕರೆಂಟ್ ಛಲೋ ಹರಿತೈತಿ, ಹಂಗಾಗಿ ನೀರು ಕಮ್ಮಿ ಇದ್ರೂ ಕೆಂಪು ತೋರಸ್ತದ. ಎರಡನೇದು, ಇಂಜೆಕ್ಷನ್ ಕೆಲಸ ಮಾಡಬೇಕಂದ್ರ ಗ್ವಾಡಿ ಉದ್ದಕ್ಕೂ ಒಂದ ಪಟ್ಟಿ ಹಂಗ ಕೆಮಿಕಲ್ ಕೂಡ್ಕೋಬೇಕು, ಇಟ್ಟಂಗಿ ಗ್ವಾಡಿಯೊಳಗ ಆಗಬಹುದು, ನಿಮ್ಮ ಗ್ವಾಡಿ ನಡುವ ಮಣ್ಣು ಐತಿ, ಪೊಳ್ಳು ಐತಿ, ಗ್ರಾನೈಟ್ ಅಂತೂ ಹೆಚ್ಚೇನೂ ಹೀರಂಗಿಲ್ಲ. ರೊಕ್ಕ ಆ ಪೊಳ್ಳಿನ್ಯಾಗ ಹೋಗ್ತದ.

ಹಳೇ ಗ್ವಾಡಿಗೆ ನೆಲದಿಂದ ನೀರು ಏರೂದು ಹೊಸಾದಲ್ಲ, ನೂರು ವರ್ಷದಿಂದ ಏರ್ಲಿಕತ್ತದ. ಮೊದಲ ಅದು ಮಣ್ಣಿನ ಸಂದಿಯಿಂದ, ಸುಣ್ಣದ ಗಾರೆಯಿಂದ ಹೊರಗ ಆರಿ ಹೋಗ್ತಿತ್ತು. ಹೊರಗ ಸಿಮೆಂಟ್ ಬಡಿದ ಮ್ಯಾಲೆ ಹೋಗ್ಲಿಕ್ಕೆ ದಾರಿ ಇಲ್ಲ, ನೆಲಕ್ಕ ಕಾಂಕ್ರೀಟ್ ಹಾಕಿದ ಮ್ಯಾಲೆ ಕೆಳಗಿನ ನೀರೆಲ್ಲಾ ಅಂಚಿಗೆ ಬಂದು ಗ್ವಾಡಿ ಹತ್ತತದ. ನಮ್ಮ ಕಡೆ ಹಳೇ ವಾಡೇದ ಗಾರೆ ಗ್ವಾಡಿಗೆ ಸಿಮೆಂಟ್ ಮೆತ್ತಿದಲ್ಲೂ ಇದ ಹಣೆಬರಹ.

ಮೂರು ವಿಷಯ ಹೇಳ್ರಿ. ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಮ್ಯಾಲೈತೇನು? ಚಾವಣಿ ನೀರಿನ ಪೈಪು ಎಲ್ಲಿ ಬಿಡ್ತದ? ಇನ್ನ ಅಡಿಗಿ ಮನಿಯಾಗಿನ ಅಲ್ಯೂಮಿನಿಯಂ ಫಾಯಿಲ್ ತಗೊಂಡು ಗ್ವಾಡಿಗೆ ನಾಕೂ ಕಡೆ ಟೇಪ್ ಹಚ್ಚಿ ಒಂದೆರಡು ದಿನ ಬಿಡ್ರಿ, ನೀರು ಹಿಂದ ಕೂತ್ರ ಗ್ವಾಡಿಯಿಂದ ಬರ್ಲಿಕತ್ತದ, ಮುಂದ ಕೂತ್ರ ಅದು ನಿಮ್ಮ ರೂಮಿನ ಗಾಳಿದು.

ಬ್ರೆತಾನ್ಯ್_ಮಲ್ನಾಡ್:
ಇನ್ನೊಂದು ಪ್ರಶ್ನೆ, ರೂಮ್ ಬಿಸಿ ಮಾಡೋದು ಯಾವುದ್ರಲ್ಲಿ? ಮತ್ತೆ, ಫೋನ್ ಮಾಡ್ಕೊಂಡು ಬಂದಿದ್ನಾ ಆ ಪುಣ್ಯಾತ್ಮ? ಎನರ್ಜಿ ರಿನೋವೇಶನ್ ಹೆಸರಲ್ಲಿ ಫೋನ್ ಮಾಡಿ ಗಿರಾಕಿ ಹಿಡಿಯೋದು ಇಲ್ಲಿ 2020ರಿಂದ ಕಾನೂನುಬಾಹಿರ. ಮನೇಲಿ ಕೂತು ಸೈನ್ ಹಾಕಿದ ಕಾಂಟ್ರಾಕ್ಟ್ ಆದ್ರೆ 14 ದಿನದೊಳಗೆ ಕಾರಣ ಹೇಳ್ದೇನೇ ವಾಪಸ್ ತಗೋಬಹುದು, ಮೊದಲ 7 ದಿನ ಅವ್ರು ದುಡ್ಡು ಮುಟ್ಟೋ ಹಾಗೂ ಇಲ್ಲ. ಇವತ್ತೇ ಸೈನ್ ಹಾಕಿ ಅನ್ನೋನಿಗೆ ಹತ್ತು ವರ್ಷದ ಇನ್ಶೂರೆನ್ಸ್ ಪೇಪರ್, ಅದೇ ದೆಸೆನಾಲ್, ತೋರ್ಸಪ್ಪಾ ಅಂದು ನೋಡಿ, ಅದ್ರಲ್ಲಿ ಯಾವ ಕೆಲ್ಸಕ್ಕೆ ಇನ್ಶೂರೆನ್ಸ್ ಅಂತಾನೂ ಓದಿ, ಪ್ಲಂಬಿಂಗ್‌ಗೆ ಇರೋ ಪೇಪರ್ ತೋರ್ಸಿ ಗೋಡೆ ಕೊರೆಯೋರೂ ಇದಾರೆ.

ಅಟ್ಟದ ತೊಲೆ ತುದಿ ಆ ಒದ್ದೆ ಗೋಡೆ ಒಳಗೆ ಹೋಗಿದ್ರೆ ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿ ನೋಡಿ. ನಮ್ಮ ಕಡೆ ಮೆರೂಲ್ ಅಂತ ಒಂದು ಶಿಲೀಂಧ್ರ, ಒದ್ದೆ ಮರ ಕತ್ತಲೆ ಸಿಕ್ಕಿದ್ರೆ ಸಾಕು, ಕಲ್ಲಿನ ಸಂದಿ ದಾಟಿ ಆಚೆ ರೂಮಿಗೂ ಹೋಗುತ್ತೆ.

ಕ್ರೂಸ್_ಕಲ್ಲುಮನೆ:
ತೊಲೆ ಗಟ್ಟಿ ಇದೆ, ಚೆಸ್ಟ್‌ನಟ್ ಮರ ಅನ್ಸತ್ತೆ, ಸ್ಕ್ರೂಡ್ರೈವರ್ ಒಳಗೇ ಹೋಗ್ಲಿಲ್ಲ. ಫಾಯಿಲ್ ಎರಡು ಜಾಗದಲ್ಲಿ ಹಚ್ಚಿದ್ದೆ. ಕೆಳಗೆ ಬುಡದಲ್ಲಿ ಹಚ್ಚಿದ್ದರ ಹಿಂದುಗಡೆ ಒದ್ದೆ, ಬೀರು ಹಿಂದೆ ಮೇಲೆ ಹಚ್ಚಿದ್ದರ ಮುಂದುಗಡೆ ಹನಿ ಹನಿ ಕೂತಿದೆ. ಅಂದ್ರೆ ಎರಡೂ ಇದೆ ಅಂತಾನಾ? ಹೊರಗಡೆ ಮಣ್ಣು ಒಳಗಿನ ನೆಲಕ್ಕಿಂತ ಒಂದು ಗೇಣು ಮೇಲಿದೆ, ಅದರ ಮೇಲೆ ಹೈಡ್ರೇಂಜಿಯಾ ಗಿಡ ಬೇರೆ. ಪೈಪು ನೇರ ಗೋಡೆ ಬುಡಕ್ಕೇ ಬಿಡ್ತಿದೆ. ಬಿಸಿ ಮಾಡೋಕೆ ಸದ್ಯಕ್ಕೆ ಸೂಪರ್‌ಮಾರ್ಕೆಟ್‌ನಿಂದ ತಂದ ಸೀಮೆಎಣ್ಣೆ ಸ್ಟೌವ್, ಯಾಕಂದ್ರೆ ಕಟ್ಟಿಗೆ ಒಲೆಗೆ ಚಿಮಣಿ ರೆಡಿ ಮಾಡೋನು ಮಾರ್ಚ್‌ಗೆ ಬರ್ತೀನಿ ಅಂದಿದಾನೆ.

ಬ್ರೆತಾನ್ಯ್_ಮಲ್ನಾಡ್:
ಸಿಕ್ತು ನೋಡಿ. ಒಂದು ಲೀಟರ್ ಸೀಮೆಎಣ್ಣೆ ಉರಿದ್ರೆ ಹತ್ರತ್ರ ಒಂದು ಲೀಟರ್ ನೀರು ಹಬೆಯಾಗಿ ರೂಮಲ್ಲೇ ಉಳಿಯುತ್ತೆ, ಅದಕ್ಕೆ ಚಿಮಣಿ ಇಲ್ವಲ್ಲ. ಅದು ಹೋಗಿ ತಣ್ಣನೆ ಕಲ್ಲಿನ ಮೇಲೆ ಕೂರುತ್ತೆ. ಮಾರ್ಚ್‌ವರೆಗೆ ಕರೆಂಟ್ ರೇಡಿಯೇಟರ್ ಇಟ್ಕೊಳ್ಳಿ, ಬೀರು ಗೋಡೆಯಿಂದ ಒಂದು ಗೇಣು ಈಚೆ ಎಳೀರಿ, ಬಟ್ಟೆ ಒಳಗೆ ಒಣಗಿಸ್ಬೇಡಿ. ನಿಮ್ಮ ಮನೆ ಕರೆಂಟ್ ಮೀಟರ್ 6 ಕೆವಿಎ ಆಗಿದ್ರೆ ರೇಡಿಯೇಟರ್, ಓವನ್, ಗೀಸರ್ ಮೂರೂ ಒಟ್ಟಿಗೆ ಹಾಕ್ಬೇಡಿ, ಲಿಂಕಿ ಮೀಟರ್ ಕಟ್ ಮಾಡುತ್ತೆ.

ದೊರ್ದೋನ್_ಗಾರೆ:
ಹಂಗಾದ್ರ ಈ ವಾರ ಮಾಡೂದು ಪೈಪ್ ಒಂದ. ಒಂದು ಉದ್ದನ ಪೈಪ್ ಹಚ್ಚಿ ನೀರು ದೂರ ಬಿಡ್ರಿ, ರೊಕ್ಕ ಏನೂ ಹತ್ತಂಗಿಲ್ಲ, ಅರ್ಧ ಜಗಳ ಅಲ್ಲೇ ಮುಗೀತದ. ಆಮ್ಯಾಲೆ ಗಿಡ ಕಿತ್ತು ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಕೆಳಗ ಇಳಸ್ರಿ. ಆದ್ರ ಗ್ವಾಡಿ ಬುಡಕ್ಕ ಜೆಸಿಬಿ ಹಚ್ಚಿ ಕಾಲುವೆ ತೋಡಬ್ಯಾಡ್ರಿ, ಈ ಮನಿಗೋಳಿಗೆ ಫೌಂಡೇಶನ್ ಅಂತ ಇರೂದ ಅಷ್ಟಕ್ಕಷ್ಟ, ದೊಡ್ಡ ಕಲ್ಲು ಮಣ್ಣಾಗ ಕೂಡ್ಸಿರ್ತಾರ, ಅದರ ಮಗ್ಗಲು ತೋಡಿದ್ರ ಗ್ವಾಡಿ ಹೊಟ್ಟಿ ಬಿಡ್ತದ. ಡ್ರೇನ್ ಬೇಕಂದ್ರ ಗ್ವಾಡಿಯಿಂದ ದೂರ, ಬುಡದ ಕಲ್ಲಿಗಿಂತ ಮ್ಯಾಲ.

ಏಪ್ರಿಲ್ ಮೇ ದಾಗ ಹೊರಗಿನ ಸಿಮೆಂಟ್ ಕೆಳಗಿನ ಒಂದು ಮೀಟರ್ ಕೀಳ್ರಿ, ಬೇಸಿಗಿ ಪೂರ್ತಿ ಆರ್ಲಿಕ್ಕೆ ಬಿಡ್ರಿ, ಆಗಸ್ಟ್ ಕಡೀಕ ಸಂದಿ ತುಂಬ್ರಿ, ಹಿಮ ಬೀಳೂ ಮುಂಚೆ ಸುಣ್ಣ ಗಟ್ಟಿ ಆಗಬೇಕು. ಅಂಗಡ್ಯಾಗ ಎನ್‌ಎಚ್‌ಎಲ್ ಅನ್ನೂ ಸುಣ್ಣ, 2 ಅಥವಾ 3.5 ನಂಬರಿಂದು ಕೇಳ್ರಿ, 5 ಬ್ಯಾಡ, ನಂಬರ್ ಜಾಸ್ತಿ ಆದಂಗ ಬಿರುಸು ಜಾಸ್ತಿ. ಒಂದು ಬಕೀಟ್ ಸುಣ್ಣಕ್ಕ ಎರಡೂವರೆಯಿಂದ ಮೂರು ಬಕೀಟ್ ಉಸುಕು. ನೀವ ತಂದ್ರ 20% ಟ್ಯಾಕ್ಸ್, ಮೇಸ್ತ್ರಿ ತನ್ನ ಬಿಲ್ಲಿನ್ಯಾಗ ಹಾಕಿದ್ರ 10%, ಅದನ್ನ ನೆನಪಿಡ್ರಿ. ಸನೇದಾಗ ಸಂರಕ್ಷಿತ ಚರ್ಚು ಗಿರ್ಚು ಇದ್ರ ಮೊದಲ ಮೇರಿಗೆ, ಅಂದ್ರ ಊರಿನ ಪುರಸಭೆ ಆಫೀಸಿಗೆ, ಹೋಗಿ ಕೇಳ್ರಿ, 500 ಮೀಟರ್ ಒಳಗ ಬಂದ್ರ ಸರ್ಕಾರಿ ಆರ್ಕಿಟೆಕ್ಟ್ ಒಪ್ಪಿಗಿ ಬೇಕಾಗಬಹುದು, ಪರ್ಮಿಶನ್ನಿಗೆ ಒಂದರ ಬದ್ಲಿ ಎರಡು ತಿಂಗಳು. ಒಳಗಿನ ಕಾಂಕ್ರೀಟ್ ನೆಲಾನೂ ಒಡದು ಸುಣ್ಣ ಸೆಣಬಿನ ನೆಲ ಹಾಕಿದ್ರ ಛಲೋ.

ಲಿಮೋಜ್_ಅಕ್ಕ:
ನೆಲದ ವಿಷ್ಯದಲ್ಲಿ ಮಾತ್ರ ನಾನು ಒಪ್ಪಲ್ಲ. ದೊರ್ದೋನಲ್ಲಿ ಬಹುಪಾಲು ಸುಣ್ಣಕಲ್ಲು, ಇವ್ರದ್ದು ಕ್ರೂಸ್, ಬಹುಪಾಲು ಗ್ರಾನೈಟ್, ರೇಡಾನ್ ಇರೋ ಜಾಗ. ನೆಲದಿಂದ ಬರೋ ವಾಸನೆ ಬಣ್ಣ ಇಲ್ಲದ ವಿಕಿರಣ ಅನಿಲ ಅದು, ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣ ಆಗುತ್ತೆ. ಉಸಿರಾಡೋ ನೆಲ ಹಾಕಿದ್ರೆ ತೇವದ ಜೊತೆ ಅದೂ ಒಳಗೆ ಬರುತ್ತೆ. ಕಾಂಕ್ರೀಟ್ ಮುಟ್ಟೋ ಮುಂಚೆ ರೇಡಾನ್ ಅಳೆಯೋ ಡೋಸಿಮೀಟರ್ ತರಿಸಿ, ಚಳಿಗಾಲದಲ್ಲಿ ಕಿಟಕಿ ಮುಚ್ಚಿರೋವಾಗ ಎರಡು ತಿಂಗಳು ಇಟ್ಟು ಲ್ಯಾಬ್‌ಗೆ ಕಳ್ಸಿ. ಇಲ್ಲಿ ಮಿತಿ ಕ್ಯೂಬಿಕ್ ಮೀಟರ್‌ಗೆ 300 ಬೆಕೆರೆಲ್. ಜಾಸ್ತಿ ಬಂದ್ರೆ ನೆಲದಡಿ ಗಾಳಿ ಹೊರಗೆ ಎಳೆಯೋ ವ್ಯವಸ್ಥೆ ಬೇಕು, ಬರೀ ಸುಣ್ಣ ಸೆಣಬು ಸಾಲದು.

ದೊರ್ದೋನ್_ಗಾರೆ:
ಖರೆ ಐತಿ ಅಕ್ಕಾರ. ನೆಲ ಸದ್ಯಕ್ಕ ಹಂಗ ಇರ್ಲಿ, ಟೆಸ್ಟ್ ಮೊದಲ.

ಕ್ರೂಸ್_ಕಲ್ಲುಮನೆ:
ಎಲ್ರಿಗೂ ಥ್ಯಾಂಕ್ಸ್. ಇಂಜೆಕ್ಷನ್ನವನಿಗೆ ಬೇಡ ಅಂತ ಮೆಸೇಜ್ ಹಾಕಿದೀನಿ. ಪೈಪ್ ನಾಳೇನೇ, ಬ್ರಿಕೋ, ಅಂದ್ರೆ ರಿಪೇರಿ ಸಾಮಾನಿನ ಅಂಗಡಿ, 12ರಿಂದ 2 ಮುಚ್ಚಿರುತ್ತಲ್ಲ, ಬೆಳಿಗ್ಗೇನೇ ಹೋಗ್ಬೇಕು. ಡೋಸಿಮೀಟರ್ ಆರ್ಡರ್ ಮಾಡಿದೆ. ಸಿಮೆಂಟ್ ಕೀಳೋಕೆ ಬ್ರೇಕರ್ ಮಷಿನ್ ಬಾಡಿಗೆಗೆ ತಗೋಬಹುದಾ, ಇಲ್ಲ ಕೈಯಲ್ಲೇ ಮಾಡ್ಬೇಕಾ?

ದೊರ್ದೋನ್_ಗಾರೆ:
ಸಣ್ಣ ಮಷಿನ್ ನಡೀತದ, ಸಿಮೆಂಟ್ ಮ್ಯಾಲೆ ಅಡ್ಡ ಹಿಡದು ಹೊಡೀರಿ, ನೇರ ಹಿಡದ್ರ ಸಂದಿ ಮಣ್ಣೆಲ್ಲಾ ಉದುರ್ತದ. ಅರ್ಧಕ್ಕರ್ಧ ಸಿಮೆಂಟ್ ಪೊಳ್ಳು ಇರ್ತದ, ತಟ್ಟಿದ್ರ ಟೊಪ್ ಅಂತದ, ಅಲ್ಲಿ ಉಳಿ ಸುತ್ತಿಗಿ ಸಾಕು. ಕಿತ್ತ ಚೂರು ಡೆಶೆತ್ರಿಗೆ, ಅಂದ್ರ ಊರಿನ ಕಸ ತಗೊಳ್ಳೂ ಜಾಗಕ್ಕ, ಒಯ್ಯೂ ಮುಂಚೆ ಎಷ್ಟು ತಗೋತಾರ ಕೇಳ್ರಿ, ಟ್ರೇಲರ್ ತುಂಬ ಒಯ್ದು ವಾಪಸ್ ಬರೂದು ಬ್ಯಾಡ.