ಸಹಾಯ ಬೇಕು: ರೆಕಾರ್ಡ್ ಮಾಡಿದ ಟರ್ಮಿನಲ್ ಪಾಠ ಪ್ರೊಜೆಕ್ಟರ್ ಮೇಲೆ ಕಲಸಿಹೋಗುತ್ತಿದೆ

ಎಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲಿ ಡಿಪ್ಲೊಮಾ ಹುಡುಗರಿಗೆ ಲಿನಕ್ಸ್ ಹೇಳಿಕೊಡುತ್ತೇನೆ. ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ವಿಂಡೋ) ಮೇಲೆ ಮೂಡುವುದನ್ನೆಲ್ಲ ಫೈಲಿಗೆ ಬರೆದಿಡುವ ‘ಸ್ಕ್ರಿಪ್ಟ್’ ಕಮಾಂಡಿನಿಂದ, ಯಾವುದು ಯಾವಾಗ ಮೂಡಿತೆಂದು ಗುರುತಿಡುವ ಟೈಮಿಂಗ್ ಫೈಲ್ ಸಮೇತ, 40 ನಿಮಿಷದ ಪಾಠ ರೆಕಾರ್ಡ್ ಮಾಡಿದ್ದೇನೆ. ‘ಸ್ಕ್ರಿಪ್ಟ್‌ರೀಪ್ಲೇ’ ಕೊಟ್ಟು ಅದನ್ನು ಮತ್ತೆ ಓಡಿಸಿದರೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತದೆ. ಪ್ರೊಜೆಕ್ಟರ್ ಮೇಲೆ ಮಾತ್ರ, ವಿಮ್ (ಪರದೆ ತುಂಬ ತೆರೆಯುವ ಟೆಕ್ಸ್ಟ್ ಎಡಿಟರ್) ತೆರೆದ ಕೂಡಲೇ ಸಾಲಿನ ಮೇಲೆ ಸಾಲು ಕೂತು ಏನೂ ಓದಲು ಆಗುವುದಿಲ್ಲ. ಗ್ರೆಪ್ (ಫೈಲಿನಲ್ಲಿ ಪದ ಹುಡುಕುವ ಕಮಾಂಡ್) ತೋರಿಸಿದ ಭಾಗ ಓದಲು ಬರುತ್ತದೆ.

ವೇಗ ಅರ್ಧಕ್ಕೆ ಇಳಿಸಿದೆ, ಅದೇ ಗೋಳು. ರೆಕಾರ್ಡ್ ಆಗಿದ್ದು 160 ಕಾಲಂ, 45 ಸಾಲಿನ ವಿಂಡೋದಲ್ಲಿ. ಅಕ್ಷರ ಚಿಕ್ಕದು ಮಾಡಿ ಅಷ್ಟನ್ನೂ ಕೂರಿಸಿದರೆ ಸರಿಯಾಗುತ್ತದೆ, ಆದರೆ ಹಿಂದಿನ ಬೆಂಚಿನವರಿಗೆ ಕಾಣುವುದಿಲ್ಲ. ಅವರಿಗೇ ಕಾಣದಿದ್ದರೆ ಪಾಠ ಯಾಕೆ, ಅಲ್ವಾ?

ಈಗಿರುವ ಫೈಲನ್ನೇ 80 ಕಾಲಂ, 24 ಸಾಲಿಗೆ ಹೊಂದಿಸುವ ದಾರಿ ಇದೆಯಾ? ಇಲ್ಲಾ, ವಿಂಡೋ ಚಿಕ್ಕದು ಮಾಡಿಕೊಂಡು ಮೊದಲಿಂದ ರೆಕಾರ್ಡ್ ಮಾಡಲೇಬೇಕಾ?