ಗಪ್ಪಣ್ಣನ ಕುಂಬಳ, ಸುಬ್ರಾಯನ ಮೂಗು

ಸುಬ್ರಾಯ ಜಗಲಿ ಹತ್ತಿದಾಗ ಮೊದಲು ಬಂದಿದ್ದು ಅವನ ಮೂಗು. ಅವನು ಅದರ ಹಿಂದೆ ಬಂದ.

“ಎಂಥದೋ ಮಾರಾಯ ಇದು?” ಅಂದರು ಮಾಸ್ತರು, ಕವಳದ ಸಂಚಿಯಿಂದ ತಲೆ ಎತ್ತಿ.

“ಜೇನು.”

“ಕಚ್ಚಿತಾ?”

“ಇಲ್ಲ, ಮುತ್ತು ಕೊಟ್ಟಿತು.”

ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಊರಿಗೇ ಹೊತ್ತು ತಂದ ಹುಡುಗ. ಹದಿನೈದು ದಿನದ ಹಿಂದೆ ಒಂದು ಪೆಟ್ಟಿಗೆ ತುಡುವೆ, ಅಂದರೆ ಸಾಕಲು ಬರುವ ನಮ್ಮ ನಾಡಜೇನು, ತಂದಿದ್ದ. ಅಂದಿನಿಂದ ದಿನಾ ಮುಚ್ಚಳ ತೆಗೆಯುವುದು, ಫೋಟೊ ತೆಗೆಯುವುದು, ಮುಚ್ಚುವುದು. ಮುಖಕ್ಕೆ ಪರದೆ ಇಲ್ಲ, ಯಾಕೆಂದರೆ ಯೂಟ್ಯೂಬಿನಲ್ಲಿ ಯಾರೋ ಬರಿಮೈಯಲ್ಲೇ ತೆಗೆದಿದ್ದನಂತೆ. ಇವತ್ತು ನೊಣ ಪಕ್ಕಕ್ಕೆ ಸರಿಯಲಿ ಅಂತ ಎರಿಗೆ, ಅಂದರೆ ಗೂಡಿನ ಮೇಣದ ಹಲ್ಲೆಗೆ, ಬಾಯಿ ಹಚ್ಚಿ ಉಫ್ ಎಂದು ಊದಿದ್ದಾನೆ. ಮನುಷ್ಯರ ಉಸಿರು ಜೇನಿಗೆ ಆಗಿಬರುವುದಿಲ್ಲ. ಮೂಗು ಅಲ್ಲೇ ಹತ್ತಿರ ಇತ್ತು.

“ಮುಳ್ಳು ಕೂಡಲೇ ಕೆರೆದು ತೆಗೆದೆಯಾ?” ಪಾರ್ವತಕ್ಕ ಒಳಗಿನಿಂದ ಚಹಾ ತರುತ್ತಾ ಕೇಳಿದಳು.

“ಇಲ್ಲಕ್ಕ, ಮೊದಲು ಸೆಲ್ಫಿ ತೆಗೆದೆ.”

ಅಷ್ಟೂ ಹೊತ್ತು ಮುಳ್ಳಿನ ಬುಡದ ವಿಷದ ಚೀಲ ಮೂಗಿನ ಮೇಲೆ ಕುಳಿತು ಪಂಪು ಹೊಡೆಯುತ್ತಿತ್ತು ಅನ್ನುವುದನ್ನು ಮಾಸ್ತರು ಅವನಿಗೆ ವಿವರಿಸಿದರು. ಮುಳ್ಳಿಗೆ ಗರಗಸದ ಹಲ್ಲು. ನಮ್ಮ ಚರ್ಮದಿಂದ ವಾಪಸ್ ಬರುವುದಿಲ್ಲ, ನೊಣದ ಹೊಟ್ಟೆಯೇ ಕಿತ್ತು ಬರುತ್ತದೆ. “ನಿನ್ನ ಮೂಗಿಗಾಗಿ ಒಂದು ಹೆಣ್ಣುಜೀವ ಸತ್ತಿತು.”

“ಹೆಣ್ಣಾ?”

“ಕಚ್ಚುವುದೆಲ್ಲ ಹೆಣ್ಣೇ. ಗಂಡು ಜೇನಿಗೆ ಮುಳ್ಳಿಲ್ಲ. ಹೂವಿಗೆ ಹೋಗಿ ಪರಾಗ ತರುವ ಕೆಲಸವೂ ಇಲ್ಲ. ರಾಣಿಯನ್ನು ಕೂಡುವುದೊಂದೇ. ಕೂಡಿದ್ದು ಸಾಯುತ್ತದೆ. ಕೂಡದೇ ಉಳಿದದ್ದು ಜೇನುತುಪ್ಪ ತಿಂದುಕೊಂಡು ಇರುತ್ತದೆ. ಮೇವು ಕಮ್ಮಿಯಾದಾಗ ಹೆಣ್ಣುಗಳು ಹೊರಗೆ ದಬ್ಬುತ್ತವೆ.”

ಪಾರ್ವತಕ್ಕ ಏನೂ ಹೇಳಲಿಲ್ಲ. ಗಪ್ಪಣ್ಣನ ಮುಂದಿದ್ದ ಎರಡನೇ ತಟ್ಟೆ ಅವಲಕ್ಕಿಯ ಕಡೆ ಸುಮ್ನೆ ಒಮ್ಮೆ ನೋಡಿದಳು.

ಗಪ್ಪಣ್ಣನಿಗೆ ತಾಗಿತು. “ಕಚ್ಚುವ ಪ್ರಾಣಿಯನ್ನು ದುಡ್ಡು ಕೊಟ್ಟು ತರುವವನನ್ನು ನಾನು ಇವತ್ತೇ ನೋಡಿದ್ದು. ತುಪ್ಪ ಬೇಕಾದರೆ ಅಂಗಡಿಯಲ್ಲಿ ಬಾಟಲಿ ಇಲ್ವಾ?”

“ತುಪ್ಪಕ್ಕಲ್ಲ ಗಪ್ಪಣ್ಣ. ಜೇನು ಸತ್ತರೆ ನಾಲ್ಕೇ ವರ್ಷಕ್ಕೆ ಮನುಷ್ಯನೂ ಸಾಯುತ್ತಾನೆ. ಐನ್‌ಸ್ಟೈನ್ ಹೇಳಿದ್ದು.”

“ಎಲ್ಲಿ ಹೇಳಿದ್ದು? ವಾಟ್ಸಾಪಿನಲ್ಲಾ?” ಮಾಸ್ತರು ಅವನನ್ನು ಅಲ್ಲೇ ಹಿಡಿದರು. ಐನ್‌ಸ್ಟೈನ್ ತೀರಿಕೊಂಡದ್ದು 1955ರಲ್ಲಿ. ಈ ಮಾತು ಅವರ ಹೆಸರಿನಲ್ಲಿ ಓಡಾಡಲು ಶುರುವಾದದ್ದು 1994ರ ಸುಮಾರಿಗೆ, ಯುರೋಪಿನಲ್ಲಿ ಜೇನು ಸಾಕುವವರು ಬೀದಿಗಿಳಿದಾಗ. “ಜೇನಿನ ವಿಷಯದಲ್ಲಿ ವಿಜ್ಞಾನಿ ಹೆಸರೇ ಬೇಕಾದರೆ ನ್ಯೂಟನ್ ಅನ್ನು. ನಿನ್ನ ಪೆಟ್ಟಿಗೆಯೇ ನ್ಯೂಟನ್ ಪೆಟ್ಟಿಗೆ.”

“ಸೇಬಿನ ನ್ಯೂಟನ್ನಾ?”

“ಪಾದ್ರಿ ನ್ಯೂಟನ್. ಬೇರೆಯವರು. ನೂರು ವರ್ಷದ ಹಿಂದೆ ತಮಿಳುನಾಡಿನ ಕಡೆ ಇದ್ದರು. ವಿಲಾಯಿತಿ ಪೆಟ್ಟಿಗೆ ನಮ್ಮ ತುಡುವೆಗೆ ದೊಡ್ಡದಾಯಿತು ಅಂತ ಚಿಕ್ಕದು ಮಾಡಿಸಿದರು.”

ಗಪ್ಪಣ್ಣನಿಗೆ ಇಬ್ಬರೂ ನ್ಯೂಟನ್ನರು ಬೇಡವಾಗಿದ್ದರು. ಅವನು ಬೆರಳು ಮಡಚಲು ಶುರು ಮಾಡಿದ. “ಭತ್ತ ಕಾಳು ಕಟ್ಟಲು ಜೇನು ಬೇಕಾ?”

“ಬೇಡ,” ಅಂದರು ಮಾಸ್ತರು.

“ಅಡಿಕೆಗೆ?”

“ಹೆಚ್ಚಾಗಿ ಗಾಳಿಯೇ ಸಾಕು.”

“ಕಾಳುಮೆಣಸು?”

“ಮಳೆಹನಿಯಲ್ಲೇ ಆಗುತ್ತದೆ.”

“ಬಾಳೆ?”

“ನಾವು ತಿನ್ನುವ ಬಾಳೆಗೆ ಯಾರೂ ಬೇಡ.”

ನಾಲ್ಕು ಬೆರಳು ಮಡಚಿ ಗಪ್ಪಣ್ಣ ಎದೆ ಉಬ್ಬಿಸಿದ. ಮಾಸ್ತರು ಇಷ್ಟು ಸಲೀಸಾಗಿ ಸೋತದ್ದನ್ನು ನಾನು ಕಂಡಿರಲಿಲ್ಲ. ಆಗ ಪಾರ್ವತಕ್ಕ ಬಾಗಿಲಿಗೆ ಒರಗಿ ಕೇಳಿದಳು: “ಅನ್ನ ಆಯಿತು. ಸಾಂಬಾರಿಗೆ ಹೋಳು ಏನು ಹಾಕಲಿ, ಅಡಿಕೆಯಾ?”

ಇಲ್ಲಿಂದ ಆಟ ತಿರುಗಿತು. ಸೌತೆ, ಹೀರೆ, ಹಾಗಲ, ಕುಂಬಳ, ಇವೆಲ್ಲ ಕಾಯಿ ಕಟ್ಟಲು ಹೂವಿಂದ ಹೂವಿಗೆ ಪರಾಗ ಒಯ್ಯುವ ಜೇನು ಬೇಕು. ಏಲಕ್ಕಿಗೂ ಬೇಕು, ಅಂದರೆ ಪಾಯಸದ ಪರಿಮಳ ಹೋಯಿತು. ಸೂರ್ಯಕಾಂತಿ ಕಾಳು ಕಟ್ಟದಿದ್ದರೆ ಒಗ್ಗರಣೆಯ ಎಣ್ಣೆಗೂ ತತ್ವಾರ. ಟೊಮೆಟೊ ಹೂವಿಗೆ ನಮ್ಮ ತುಡುವೆ ಸಾಲದು, ಮೈ ನಡುಗಿಸಿ ಗುಂಯ್‌ಗುಡುವ ನೀಲಿಪಟ್ಟೆಯ ಕಾಡುಜೇನು ಬಂದು ಪರಾಗ ಉದುರಿಸಿದರೆ ಕಾಯಿ ಚೆನ್ನಾಗಿ ಕಟ್ಟುತ್ತದೆ. ಜಗತ್ತಿನ 115 ಮುಖ್ಯ ಬೆಳೆಗಳನ್ನು ಲೆಕ್ಕ ಹಾಕಿದವರಿದ್ದಾರೆ. ಅದರಲ್ಲಿ 87 ಬೆಳೆ ಜೇನು, ದುಂಬಿ, ಇಂಥ ಜೀವಿಗಳನ್ನು ಸ್ವಲ್ಪವಾದರೂ ನಂಬಿಕೊಂಡಿವೆ. ತೂಕದ ಲೆಕ್ಕದಲ್ಲಿ ಮಾತ್ರ ಅವುಗಳ ಪಾಲು 35 ಶೇಕಡಾ. ಹೆಚ್ಚಿನ ತೂಕ ಅಕ್ಕಿ, ಗೋಧಿಯಂಥ ಬೆಳೆಗಳದ್ದು.

“ಹಾಗಾದರೆ ಜೇನು ಹೋದರೆ ಸಾಯುವುದಿಲ್ಲ ಅಂತಾಯಿತಲ್ಲ,” ಗಪ್ಪಣ್ಣ ಕೊನೆಯ ಹುಲ್ಲುಕಡ್ಡಿ ಹಿಡಿದ.

“ಸಾಯುವುದಿಲ್ಲ. ಬರೀ ಅನ್ನಕ್ಕೆ ಕಾಳುಮೆಣಸಿನ ಪುಡಿ ಕಲಸಿ, ಬಾಳೆಹಣ್ಣು ನಂಚಿಕೊಂಡು, ಅಡಿಕೆ ಅಗಿಯುತ್ತಾ ಬದುಕಬಹುದು,” ಅಂದಳು ಪಾರ್ವತಕ್ಕ.

ಮಾಸ್ತರು ಕಾಡಿನ ಕಡೆ ಹೊರಳಿದರು. ನೇರಳೆಗೂ ಜೇನು ಬೇಕು. ಇಂಥ ಮರಗಳಲ್ಲಿ ಹಣ್ಣು ಕಮ್ಮಿಯಾದರೆ ಕಾಡಿನ ಮಂಗ ಏನು ತಿನ್ನಬೇಕು? ಗಪ್ಪಣ್ಣನ ಬಾಳೆಗೊನೆಯನ್ನೇ. ಮಂಗನ ಹೆಸರು ಕೇಳಿದ್ದೇ ಗಪ್ಪಣ್ಣ ಸರಿಯಾಗಿ ಕುಳಿತ. ವಾದದಲ್ಲಿ ಅದೊಂದೇ ಅವನ ಮನಸ್ಸಿಗೆ ಹೋಗಿದ್ದು ಅಂತ ನನಗನಿಸುತ್ತದೆ.

“ಅದಿರಲಿ,” ಅಂದ ಅವನು, ದನಿ ತಗ್ಗಿಸಿ. “ನನ್ನ ಹಿತ್ತಲ ಕುಂಬಳದ ಮಿಡಿ ಈ ಸಲ ಎಲ್ಲ ಹಳದಿಯಾಗಿ ಉದುರುತ್ತಿದೆ. ಒಂದೂ ನಿಲ್ಲುತ್ತಿಲ್ಲ. ಔಷಧಿಯನ್ನೂ ಹೊಡೆದೆ.”

“ಯಾವಾಗ ಹೊಡೆದೆ?”

“ಬೆಳಿಗ್ಗೆ, ಹೂ ಅರಳಿದಾಗ. ಕಾಣಿಸುತ್ತದಲ್ಲ.”

“ಜೇನು ಹೂವಿಗೆ ಬರುವ ಹೊತ್ತೇ ಅದು. ಸಂಜೆ ಹೊಡೆಯಬಾರದಿತ್ತೇ? ಗಂಡುಹೂ ಎಷ್ಟಿದೆ ಬಳ್ಳಿಯಲ್ಲಿ?”

“ಗಂಡುಹೂ ಅಂದರೆ?”

“ಹಿಂದೆ ಪುಟ್ಟ ಕಾಯಿ ಇಲ್ಲದ್ದು. ಬರೀ ಉದ್ದ ತೊಟ್ಟು.”

“ಓ, ಆ ಹುಸಿಹೂಗಳಾ? ಕಾಯಿ ಬಿಡುವುದಿಲ್ಲವಲ್ಲ ಅಂತ ದಿನಾ ಕೊಯ್ದು ಬಜ್ಜಿ ಮಾಡಿಸಿದೆ.”

ಜಗಲಿ ಎರಡು ನಿಮಿಷ ನಕ್ಕಿತು. ಪರಾಗ ಕೊಡುವ ಗಂಡುಹೂಗಳನ್ನೆಲ್ಲ ಕಡಲೆಹಿಟ್ಟಿನಲ್ಲಿ ಮುಳುಗಿಸಿ ತಿಂದು, ಉಳಿದ ಜೇನಿಗೆ ವಿಷ ಹೊಡೆದು, ಕುಂಬಳಕ್ಕೆ ಕಾಯುತ್ತಾ ಕುಳಿತಿದ್ದ ಪುಣ್ಯಾತ್ಮ.

ನಾನು ನಗುತ್ತಲೇ ಇದ್ದೆ. ಆದರೆ ನನಗೆ ನೆನಪಾಗಿದ್ದು ವೆನಿಲಾ ಕಾಲ. ಗಪ್ಪಣ್ಣನಿಗೂ ನೆನಪಾಗಿರಬೇಕು, ಅವನ ನಗು ಮೊದಲು ನಿಂತಿತು. 2000ದ ನಂತರದ ಆ ಮೂರು ನಾಲ್ಕು ವರ್ಷ ನಮ್ಮ ಕಡೆ ಎಲ್ಲರೂ ವೆನಿಲಾ ಶ್ರೀಮಂತರು. ಹಸಿ ಕೋಡಿಗೇ ಕೆಜಿಗೆ ಸಾವಿರಗಟ್ಟಲೆ ಬೆಲೆ. ತೋಟಕ್ಕೆ ರಾತ್ರಿ ಕಾವಲು. ಬಳ್ಳಿಯ ತವರು ಮೆಕ್ಸಿಕೋ. ಬಳ್ಳಿ ಬಂತು, ಆದರೆ ಅಲ್ಲಿಯ ಜೇನು ಅದರ ಜೊತೆ ಬರಲಿಲ್ಲ. ಹೂ ಅರಳುವುದು ಒಂದೇ ಬೆಳಿಗ್ಗೆ, ಮಧ್ಯಾಹ್ನದ ಮೇಲೆ ಬಾಡಿತು ಅಂತಲೇ ಲೆಕ್ಕ. ಅಷ್ಟರೊಳಗೆ ಮನೆಮಂದಿಯೆಲ್ಲ ಹಲ್ಲುಕಡ್ಡಿ ಹಿಡಿದು ತೋಟಕ್ಕೆ. ಎಡಗೈಯಲ್ಲಿ ಹೂ ಹಿಡಿಯಬೇಕು. ಕಡ್ಡಿಯಿಂದ ಎಸಳು ಸೀಳಿ, ಒಳಗಿನ ಕಿರುನಾಲಿಗೆಯಂಥ ಪರದೆ ಎತ್ತಬೇಕು. ಮೇಲಿನ ಹಳದಿ ಪರಾಗವನ್ನು ಹೆಬ್ಬೆರಳಿನಿಂದ ಕೆಳಕ್ಕೆ ಮೆತ್ತಗೆ ಒತ್ತಬೇಕು. ಜಾಸ್ತಿ ಒತ್ತಿದರೆ ಹೂ ಹೋಯಿತು. ಈ ಉಪಾಯ ಕಂಡುಹಿಡಿದದ್ದು 1841ರಲ್ಲಿ ರಿಯೂನಿಯನ್ ದ್ವೀಪದ ಗುಲಾಮ ಹುಡುಗ ಎಡ್ಮಂಡ್. ಆಗವನಿಗೆ ಹನ್ನೆರಡು ವರ್ಷ. ಆ ಹೆಸರು ನಮಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಸೊಂಟ ಹಿಡಿದುಕೊಂಡು ಬೈಯುತ್ತಿದ್ದೆವು.

“ಬೆಳಿಗ್ಗೆ ಆರಕ್ಕೆ ಹೋದರೆ ಹನ್ನೊಂದಕ್ಕೆ ನೆಟ್ಟಗೆ ನಿಲ್ಲಲು ಬರುತ್ತಿರಲಿಲ್ಲ,” ಅಂದಳು ಪಾರ್ವತಕ್ಕ. “ಕೂಲಿಗೆ ಜನ ಕರೆದರೆ ದಿನದ ಸಂಬಳ, ಎರಡು ಹೊತ್ತು ಚಹಾ, ಮೇಲಿಂದ ಅವಲಕ್ಕಿ.”

“ಅದನ್ನೇ ತುಡುವೆ ಪುಕ್ಕಟೆ ಮಾಡುತ್ತದೆ. ಅವಲಕ್ಕಿಯೂ ಕೇಳುವುದಿಲ್ಲ,” ಅಂದ ಸುಬ್ರಾಯ. ಊದಿದ ಮೂಗಿನಿಂದ ಬಂದ ಮಾತಾದರೂ ಅದು ಸರಿಯಾಗಿತ್ತು.

ಪುಕ್ಕಟೆ ಸಿಕ್ಕಿದ್ದಕ್ಕೆ ನಾವು ಲೆಕ್ಕ ಬರೆಯುವುದಿಲ್ಲ. ನಮ್ಮಪ್ಪ ಅಡಿಕೆ ಲೆಕ್ಕವನ್ನು ಪೈಸೆ ಬಿಡದೆ ಬರೆದವರು. ಅವರ ಆರು ಜೇನುಪೆಟ್ಟಿಗೆಗೆ ಒಂದು ಸಾಲೂ ಇರಲಿಲ್ಲ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ಬಂತು. ಎರಿಯ ಕಣ್ಣುಗಳಲ್ಲಿ ಮರಿಗಳು ನೀರು ತುಂಬಿದ ಚೀಲದ ಹಾಗಾಗಿ ಸತ್ತವು. ದಕ್ಷಿಣ ಭಾರತದ ತುಡುವೆಯಲ್ಲಿ ಬಹುಪಾಲು ಹೋಯಿತು. ನಮ್ಮ ಆರು ಪೆಟ್ಟಿಗೆಯೂ ಖಾಲಿ. ಎರಡರಲ್ಲಿ ಕೋಳಿ ಮೊಟ್ಟೆ ಇಟ್ಟಿತು, ಒಂದರಲ್ಲಿ ಅಪ್ಪ ಮೊಳೆ, ಸುತ್ತಿಗೆ ಇಟ್ಟರು. ಮುಂದಿನ ಬೇಸಿಗೆ ಅಮ್ಮ ಸೌತೆಬಳ್ಳಿಯ ಮುಂದೆ ನಿಂತು, “ಒಂದು ತುದಿ ದಪ್ಪ, ಇನ್ನೊಂದು ಇಲಿಬಾಲ, ಎಂಥ ಬೀಜ ತಂದಿರಿ?” ಅಂತ ಅಪ್ಪನನ್ನು ಬೈದದ್ದು ನನಗೆ ನೆನಪಿದೆ. ಬೀಜದ ತಪ್ಪು ಇರಲಿಲ್ಲ ಅಂತ ಈಗ ಅನಿಸುತ್ತದೆ. ಪರಾಗ ಅರೆಬರೆ ಬಿದ್ದರೆ ಸೌತೆ ಹಾಗೆಯೇ ಸೊಟ್ಟ ಬೆಳೆಯುತ್ತದೆ.

ಮಾತು ಭಾರವಾಯಿತು ಅಂತ ಮಾಸ್ತರಿಗೆ ಅನಿಸಿತೇನೋ. ಪಂಚೆ ಎತ್ತಿ ಕಟ್ಟಿ ಜಗಲಿಯ ನಡುವೆ ನಿಂತರು. “ಹೂ ಕಂಡ ಜೇನು ಮನೆಗೆ ಬಂದು ಉಳಿದವಕ್ಕೆ ದಾರಿ ಹೇಳುವುದು ಹೇಗೆ ಗೊತ್ತಾ? ಕುಣಿದು.” ನೆಟ್ಟಗೆ ಮೇಲ್ಮುಖ ಕುಣಿದರೆ ಸೂರ್ಯ ಇರುವ ದಿಕ್ಕು. ಓರೆಯಾದರೆ ಅಷ್ಟೇ ಓರೆ. ಹೊಟ್ಟೆ ಅಲ್ಲಾಡಿಸಿದಷ್ಟು ಹೊತ್ತು ಹೂ ಅಷ್ಟು ದೂರ. ಇದನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ 1973ರ ನೊಬೆಲ್ ಹಂಚಿಕೊಂಡರು. ಮಾಸ್ತರು ಹೊಟ್ಟೆ ಅಲ್ಲಾಡಿಸುತ್ತಾ ಅಡಿಗೆಮನೆಯ ದಿಕ್ಕಿಗೆ ನಾಲ್ಕು ಹೆಜ್ಜೆ ಕುಣಿದರು. ಪಾರ್ವತಕ್ಕನಿಗೆ ಅರ್ಥವಾಯಿತು. ಇನ್ನೊಂದು ಸುತ್ತು ಚಹಾ ಬಂತು.

ಅಷ್ಟರಲ್ಲಿ ಸುಬ್ರಾಯನ ಮನೆಯಿಂದ ಫೋನು. ಪೆಟ್ಟಿಗೆ ಖಾಲಿ. ದಿನಾ ಫೋಟೊ ತೆಗೆದು ಕಾಟ ಕೊಟ್ಟರೆ ತುಡುವೆ ಹೇಳದೆ ಕೇಳದೆ ಮನೆ ಬಿಡುತ್ತದೆ.

ನಾಲ್ಕನೇ ದಿನ ಗಪ್ಪಣ್ಣ ನನಗೆ ಫೋನ್ ಮಾಡಿದ. ಜೇನು ಅವನ ಮನೆಯ ಹಳೇ ಮೀಟರ್ ಪೆಟ್ಟಿಗೆಯೊಳಗೆ ಸೇರಿಕೊಂಡಿತ್ತು. ದನಿಯಲ್ಲಿ ಸಂಭ್ರಮ. “ಜೇನಿನಿಂದ ಉಪಯೋಗ ಇದೆ ಮಾರಾಯ, ನಾನು ಒಪ್ಪಿದೆ. ಮೀಟರ್ ಓದುವವನು ಅಂಗಳ ದಾಟಲಿಲ್ಲ!”

ಮುಂದಿನ ವಾರ ಮತ್ತೆ ಫೋನ್. ಓದದೇ ಹೋದವನು ಅಂದಾಜಿನ ಬಿಲ್ಲು ಹಾಕಿದ್ದ. ಮಾಮೂಲಿಗಿಂತ ಜಾಸ್ತಿ.

“ಕುಂಬಳ ಹೇಗಿದೆ?” ಅಂತ ಕೇಳಿದೆ.

“ಎರಡು ನಿಂತಿದೆ.”

“ಹಾಗಾದರೆ ಅದರ ಕೂಲಿ ಅಂದುಕೋ,” ಅಂದೆ. ಫೋನ್ ಇಟ್ಟುಬಿಟ್ಟ.